ವೀರಗಲ್ಲಿನ ಕೆಳಗಿನ ಪಟ್ಟಿಕೆ: ಪರಮ ವೀರ ಚಕ್ರದ ಒಕ್ಕಣೆಗಳನ್ನು ಕನ್ನಡಕ್ಕೆ ತರಲು ಕೋರಿ ಒಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ಶಾಲಾ ಶಿಕ್ಷಣ ಸಚಿವರಿಗೆ ಹಾಗೂ ಮಾನ್ಯ ಕನ್ನಡ ಮತ್ತು ಸಂಸ್ಕೃತಿ ಸಚಿವರಿಗೆ,

ಮಾನ್ಯರೇ,

ಉತ್ತರ ಕನ್ನಡ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕನ್ನಡ ಪಾಠ ಹೇಳಿ ನಿವೃತ್ತನಾದವನು ನಾನು. ಗಣರಾಜ್ಯೋತ್ಸವ ಹತ್ತಿರವಾದಂತೆ ಭಾಷಣ ಸ್ಪರ್ಧೆಗಳಿಗೆ ತೀರ್ಪುಗಾರನಾಗಿ ಹೋಗಿ ಕೂರುವ ಕೆಲಸ ನಿವೃತ್ತಿಯ ಬಳಿಕವೂ ನನ್ನನ್ನು ಬಿಟ್ಟಿಲ್ಲ. ಅಂಥದ್ದೊಂದು ಸ್ಪರ್ಧೆಯಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ನಮ್ಮ ಜಿಲ್ಲೆಯವರೇ ಆದ ರಾಮ ರಾಘೋಬಾ ರಾಣೆಯವರ ಕುರಿತು ಮಾತನಾಡಿದಳು. ಉಚ್ಚಾರ ಸ್ವಚ್ಛವಾಗಿತ್ತು, ಎಲ್ಲಿಯೂ ತಡವರಿಕೆ ಇರಲಿಲ್ಲ. ನೂರಾರು ಶತ್ರುಗಳ ರುಂಡ ಚೆಂಡಾಡಿದ ವೀರ ಎಂದು ಅವಳು ಕೈಯೆತ್ತಿ ನುಡಿದಾಗ ಇಡೀ ಸಭೆ ಚಪ್ಪಾಳೆ ತಟ್ಟಿತು. ಮೊದಲ ಬಹುಮಾನವೂ ಅವಳಿಗೇ ಹೋಯಿತು. ಅಂಕ ಹಾಕಿದವರಲ್ಲಿ ನಾನೂ ಒಬ್ಬ. ಮನೆಗೆ ಬಂದ ಮೇಲೆ ಏನೋ ಕಸಿವಿಸಿಯಾಗಿ, ರಾಣೆಯವರಿಗೆ ಪರಮ ವೀರ ಚಕ್ರ ಸಂದಾಗ ಪ್ರಕಟವಾದ ಇಂಗ್ಲಿಷ್ ಒಕ್ಕಣೆಯನ್ನು ಹುಡುಕಿ ತೆಗೆದು ಓದಿದೆ. ಆ ಒಕ್ಕಣೆಯಲ್ಲಿ ರಾಣೆಯವರು ಕೊಂದ ಶತ್ರುಗಳ ಲೆಕ್ಕ ನೂರಾರು ಇರಲಿ, ಒಬ್ಬನೂ ಇಲ್ಲ. ಅವರು ನಾಲ್ಕು ದಿನ ರಸ್ತೆ ಮಾಡಿದರು. ಅದಕ್ಕಾಗಿ ದೇಶ ತನ್ನ ಅತ್ಯುನ್ನತ ಯುದ್ಧ ಶೌರ್ಯ ಪದಕವನ್ನು ಅವರಿಗೆ ಕೊಟ್ಟಿತು.

ಹುಡುಗಿಯ ತಪ್ಪು ಇದರಲ್ಲಿ ಏನೂ ಇಲ್ಲ. ಅವಳ ಕೈಗೆ ಸಿಕ್ಕಿದ್ದು ವಿಶೇಷಣಗಳು ಮಾತ್ರ. ಪದಕದ ಜೊತೆಗೆ ಭಾರತದ ಗೆಜೆಟ್‌ನಲ್ಲಿ ಪ್ರಕಟವಾಗುವ, ಯಾರು, ಎಲ್ಲಿ, ಯಾವ ದಿನ, ಎಷ್ಟು ಹೊತ್ತಿಗೆ, ಏನು ಮಾಡಿದ್ದಕ್ಕೆ ಈ ಗೌರವ ಎಂಬುದನ್ನು ಹೇಳುವ ಬರಹವನ್ನು ನಾನು ಇಲ್ಲಿ ಒಕ್ಕಣೆ ಎಂದು ಕರೆಯುತ್ತಿದ್ದೇನೆ. ಇದುವರೆಗೆ 21 ಮಂದಿಗೆ ಪರಮ ವೀರ ಚಕ್ರ ಸಂದಿದೆ. ಆ 21 ಒಕ್ಕಣೆಗಳನ್ನು ರಾಜ್ಯ ಸರ್ಕಾರವು ಯೋಗ್ಯ ಅನುವಾದಕರಿಂದ, ಸೇನೆಯ ಕೆಲಸ ಬಲ್ಲವರ ನೆರವಿನೊಂದಿಗೆ, ಪೂರ್ಣವಾಗಿ ಕನ್ನಡಕ್ಕೆ ತರಿಸಿ, ಪ್ರತಿ ಶಾಲೆಗೂ ತಲುಪುವಂತೆ ಪ್ರಕಟಿಸಬೇಕೆಂಬುದೇ ಈ ಪತ್ರದ ಕೋರಿಕೆ. ಕೋರಿಕೆ ಸಣ್ಣದು, ಖರ್ಚೂ ಹೆಚ್ಚಿನದಲ್ಲ. ಏಕೆ ಬೇಕು ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ, ದಯವಿಟ್ಟು ಓದಬೇಕು.

ರಾಣೆಯವರಿಂದಲೇ ಆರಂಭಿಸುತ್ತೇನೆ. ಕಾರವಾರ ತಾಲ್ಲೂಕಿನ ಚೆಂಡಿಯಾ ಮೂಲದ, ಪೊಲೀಸ್ ಪೇದೆಯೊಬ್ಬರ ಮಗ. ಹುಟ್ಟಿದ್ದು 1918ರಲ್ಲಿ. ಆಗ ಉತ್ತರ ಕನ್ನಡ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಅವರು 1940ರಲ್ಲಿ ಸೇರಿದ್ದೂ ಬಾಂಬೆ ಎಂಜಿನಿಯರ್ಸ್ ಪಡೆಯನ್ನೇ. ಎರಡನೆಯ ಮಹಾಯುದ್ಧದಲ್ಲಿ ಬರ್ಮಾದ ಅರಾಕಾನ್ ರಂಗದಲ್ಲಿ ದುಡಿದು, 1947ರ ಡಿಸೆಂಬರ್‌ನಲ್ಲಿ ಅಧಿಕಾರಿ ಪದವಿಗೆ ಏರಿದರು. ಕೆಲವೇ ತಿಂಗಳಲ್ಲಿ, ಅಂದರೆ 1948ರ ಏಪ್ರಿಲ್‌ನಲ್ಲಿ, ಜಮ್ಮುವಿನ ನೌಶೇರಾದಿಂದ ರಾಜೌರಿಯತ್ತ ಸೇನೆ ಮುನ್ನುಗ್ಗಬೇಕಾಗಿ ಬಂತು. ರಾಜೌರಿ ಹಿಂದಿನ ನವೆಂಬರ್‌ನಿಂದಲೂ ದಾಳಿಕೋರರ ಕೈಯಲ್ಲಿತ್ತು. ದಾರಿ ಗುಡ್ಡಗಳ ನಡುವಿನದು. ಹಿಂದೆ ಸರಿಯುತ್ತಿದ್ದವರು ದಾರಿಯುದ್ದಕ್ಕೂ ಪೈನ್ ಮರಗಳನ್ನು ಉರುಳಿಸಿ, ಮೋರಿಗಳನ್ನು ಒಡೆದು, ನೆಲಬಾಂಬುಗಳನ್ನು ಹೂತು, ಅವುಗಳ ಮೇಲೆ ಮೆಷಿನ್ ಗನ್ ಕಣ್ಣಿಟ್ಟು ಕುಳಿತಿದ್ದರು. ಟ್ಯಾಂಕು ಎಷ್ಟು ಬಲವಾದರೇನು, ದಾರಿಯಿಲ್ಲದೆ ಅದು ನಿಂತಲ್ಲೇ ನಿಲ್ಲುವ ಕಬ್ಬಿಣದ ಪೆಟ್ಟಿಗೆ.

ಒಕ್ಕಣೆ ಏಪ್ರಿಲ್ 8ರ ಬೆಳಿಗ್ಗೆ 11 ಗಂಟೆಗೆ, 26ನೆಯ ಮೈಲಿಗಲ್ಲಿನ ಬಳಿ ಆರಂಭವಾಗುತ್ತದೆ. ನೆಲಬಾಂಬು ತೆಗೆಯುವ ತಂಡ ಕೆಲಸಕ್ಕೆ ಕೈ ಹಾಕುವ ಮುನ್ನವೇ ಮಾರ್ಟರ್ ಗುಂಡುಗಳು ಬಿದ್ದವು. ಇಬ್ಬರು ಸತ್ತರು, ಐವರಿಗೆ ಗಾಯವಾಯಿತು. ಆ ಐವರಲ್ಲಿ ರಾಣೆಯವರೂ ಒಬ್ಬರು. ಅವರು ಉಳಿದವರನ್ನು ಮತ್ತೆ ಕಲೆಹಾಕಿ ಕೆಲಸ ಶುರು ಮಾಡಿದರು. ಸಂಜೆ ಬರ್ವಾಲಿ ದಿಣ್ಣೆ ವಶವಾದ ಮೇಲೆ, ಸುತ್ತಮುತ್ತ ಶತ್ರು ಇನ್ನೂ ಇದ್ದಾನೆಂದು ತಿಳಿದೇ, ಟ್ಯಾಂಕುಗಳಿಗೆ ಬಳಸುದಾರಿ ಕಡಿಯತೊಡಗಿ ರಾತ್ರಿ 10ರವರೆಗೆ ನಿಲ್ಲಿಸಲಿಲ್ಲ. ಮರುದಿನ ಬೆಳಿಗ್ಗೆ 6ಕ್ಕೆ ಮತ್ತೆ ಅದೇ ಕೆಲಸ. ಮಧ್ಯಾಹ್ನ 3ಕ್ಕೆ ಬಳಸುದಾರಿ ಸಿದ್ಧವಾಯಿತು. ದಳ ಹೊರಟಾಗ ಎಲ್ಲಕ್ಕಿಂತ ಮುಂದಿನ ವಾಹನದಲ್ಲಿ ಅವರು ಕುಳಿತರು. ಅರ್ಧ ಮೈಲಿಗೆ ಅಡ್ಡಲಾಗಿ ಪೈನ್ ಮರಗಳು. ಇಳಿದು ಸಿಡಿಮದ್ದಿನಿಂದ ಒಡೆದರು. ಮುನ್ನೂರು ಗಜ ಮುಂದೆ ಮತ್ತೆ ಮರಗಳು, ಮತ್ತೆ ಇಳಿದರು. ಆಮೇಲೆ ಒಡೆದ ಮೋರಿ; ಕೆಲಸಕ್ಕೆ ತೊಡಗುವಷ್ಟರಲ್ಲಿ ಮೆಷಿನ್ ಗನ್ ಸದ್ದು. ಸಂಜೆ 6.15ಕ್ಕೆ ಬೆಳಕು ಕುಂದುತ್ತಿರುವಾಗ ನೆಲಬಾಂಬು ಸುತ್ತಿದ ಐದು ದೊಡ್ಡ ಮರಗಳ ತಡೆ ಎದುರಾಯಿತು. ಅವರು ಅದಕ್ಕೂ ಕೈ ಹಾಕಿದ್ದರು. ದಳದ ಮುಖ್ಯಸ್ಥರೇ ಪರಿಸ್ಥಿತಿ ನೋಡಿ ಟ್ಯಾಂಕುಗಳನ್ನು ರಾತ್ರಿಯ ತಂಗುದಾಣಕ್ಕೆ ತಿರುಗಿಸಿದರು. ಏಪ್ರಿಲ್ 10ರ ನಸುಕಿನ 4.45ಕ್ಕೆ ರಾಣೆಯವರು ಪುನಃ ಅದೇ ಐದು ಮರಗಳ ಮುಂದೆ ಇದ್ದರು. ಮುಂದಿನದನ್ನು ಪತ್ರದ ಕೊನೆಗೆ ಕೊಟ್ಟಿದ್ದೇನೆ.

ಕನ್ನಡ ಮೇಷ್ಟರ ಅಭ್ಯಾಸ ನನ್ನನ್ನು ಬಿಡುವುದಿಲ್ಲವಾದ್ದರಿಂದ ಒಂದು ಮಾತು: ಈ ಒಕ್ಕಣೆಯಲ್ಲಿ ನನ್ನ ಕಣ್ಣಿಗೆ ಬಿದ್ದ ಉಪಮೆ ಒಂದೇ, ರಸ್ತೆ ಗುಡ್ಡವನ್ನು ಹಾವಿನಂತೆ ಸುತ್ತಿಕೊಂಡಿತ್ತು ಎಂಬುದು. ಹೊಗಳಿಕೆಯ ಮಾತುಗಳೇ ಇಲ್ಲವೆಂದಲ್ಲ, ಇವೆ. ಆದರೆ ಪ್ರತಿ ಹೊಗಳಿಕೆಗೂ ಆಧಾರವಾಗಿ ಒಂದು ಗಂಟೆಯೋ ಒಂದು ಮರವೋ ಒಂದು ಮೋರಿಯೋ ಹಿಂದೆ ನಿಂತಿದೆ. ಓದುತ್ತಾ ಹೋದಂತೆ ನಮಗೇ ಆಯಾಸವಾಗುತ್ತದೆ. ಆ ಆಯಾಸವೇ ರಾಣೆಯವರ ಸಾಹಸದ ಅಳತೆ. ಇನ್ನೊಂದು ಸಂಗತಿ. ರಾಣೆಯವರು ಟ್ಯಾಂಕಿನ ಅಡಿಯಲ್ಲಿ ತೆವಳುತ್ತಾ, ಹಗ್ಗ ಎಳೆದು ಚಾಲಕನಿಗೆ ಸನ್ನೆ ಮಾಡುತ್ತಾ ನೆಲಬಾಂಬಿನ ನಡುವೆ ಸಾಗಿದರು ಎಂಬ ಕಥೆ ಅನೇಕ ಕಡೆ ಓದಸಿಗುತ್ತದೆ. ಒಕ್ಕಣೆಯಲ್ಲಿ ಆ ಮಾತಿಲ್ಲ. ಅಷ್ಟರಿಂದ ಅದು ಸುಳ್ಳೆಂದು ನಾನು ಹೇಳುತ್ತಿಲ್ಲ. ರಣರಂಗದಲ್ಲಿ ನಡೆದದ್ದೆಲ್ಲವೂ ಒಂದು ಪುಟದ ಬರಹದಲ್ಲಿ ಹಿಡಿಸುವುದಿಲ್ಲ. ಆದರೆ ಯಾವುದು ದಾಖಲೆ, ಯಾವುದು ಹೇಳಿಕೆ ಎಂಬ ವಿವೇಚನೆಯನ್ನು ಮಕ್ಕಳಿಗೆ ಕಲಿಸಲು ದಾಖಲೆ ಅವರ ನುಡಿಯಲ್ಲಿ ಅವರ ಕೈಗೆ ಸಿಗಬೇಕಲ್ಲವೇ?

ಈಗ ಪದಕದ ವಿಷಯಕ್ಕೆ. ಬ್ರಿಟಿಷರ ಕಾಲದಲ್ಲಿ ಈ ನೆಲದ ಸಿಪಾಯಿಗೆಂದು ಈಸ್ಟ್ ಇಂಡಿಯಾ ಕಂಪನಿ 1837ರಲ್ಲೇ ಒಂದು ಶೌರ್ಯ ಪದಕವನ್ನು ಮಾಡಿತ್ತು. 1856ರಲ್ಲಿ ವಿಕ್ಟೋರಿಯಾ ಕ್ರಾಸ್ ಬಂದರೂ ಭಾರತೀಯ ಸೈನಿಕನಿಗೆ ಅದರ ಬಾಗಿಲು ತೆರೆದದ್ದು 1911ರಲ್ಲಿ. ಸ್ವಾತಂತ್ರ್ಯ ಬಂದು ಎರಡೂವರೆ ತಿಂಗಳಿಗೆ ಕಾಶ್ಮೀರದಲ್ಲಿ ಕಾಳಗ ಆರಂಭವಾದಾಗ ದೇಶದ ಬಳಿ ತನ್ನದೆನ್ನುವ ಪದಕವೇ ಇರಲಿಲ್ಲ. ಹೀಗಾಗಿ ಪರಮ ವೀರ ಚಕ್ರವನ್ನು 1950ರ ಜನವರಿ 26ರಂದು ಸ್ಥಾಪಿಸಿ, 1947ರ ಆಗಸ್ಟ್ 15ರಿಂದಲೇ ಅನ್ವಯವಾಗುವಂತೆ ಮಾಡಲಾಯಿತು. ಮಹಾ ವೀರ ಚಕ್ರ, ವೀರ ಚಕ್ರಗಳೂ ಅದೇ ದಿನ ಬಂದವು. ಅದೇ ದಿನ ಜಾರಿಗೆ ಬಂದ ಸಂವಿಧಾನ ತನ್ನ 18ನೆಯ ಅನುಚ್ಛೇದದಲ್ಲಿ ರಾಯಬಹದ್ದೂರ್‌ಗಿರಿಗಳಂಥ ಬಿರುದುಬಾವಲಿಗಳನ್ನೆಲ್ಲ ತೆಗೆದುಹಾಕಿತು. ಸೈನಿಕ ಮತ್ತು ವಿದ್ಯಾ ಸಂಬಂಧಿ ವಿಶಿಷ್ಟತೆಗಳನ್ನು ಮಾತ್ರ ಉಳಿಸಿಕೊಂಡಿತು. ಈ ಎರಡು ಸಂಗತಿಗಳನ್ನು ಒಟ್ಟಿಗಿಟ್ಟು ಪೌರನೀತಿಯ ಪಾಠದಲ್ಲಿ ಹೇಳಿದರೆ ಮಕ್ಕಳು ಮರೆಯಲಾರರು ಎಂಬುದು ನನ್ನ ಅನುಭವ.

ಪದಕದ ನಿಯಮ ಹೇಳುವುದು ಇಷ್ಟು: ನೆಲದಲ್ಲಿರಲಿ, ಕಡಲಿನಲ್ಲಿರಲಿ, ಬಾನಿನಲ್ಲಿರಲಿ, ಶತ್ರುವಿನ ಸಮ್ಮುಖದಲ್ಲಿ ತೋರಿದ ಅತ್ಯಂತ ಎದ್ದುಕಾಣುವ ಶೌರ್ಯಕ್ಕೆ, ಅಥವಾ ಎದೆಗಾರಿಕೆಯ ಇಲ್ಲವೇ ಅಸಾಧಾರಣ ಪರಾಕ್ರಮದ ಕಾರ್ಯಕ್ಕೆ, ಅಥವಾ ಆತ್ಮತ್ಯಾಗಕ್ಕೆ ಇದು ಸಲ್ಲುತ್ತದೆ. ಇದರಲ್ಲಿ ಪ್ರತಿ ಪದಕ್ಕೂ ತೂಕವಿದೆ. ಶತ್ರುವಿನ ಸಮ್ಮುಖ ಎಂಬ ಮಾತು ಇಲ್ಲದಿದ್ದರೆ ಪರಮ ವೀರ ಚಕ್ರಕ್ಕೂ ಅಶೋಕ ಚಕ್ರಕ್ಕೂ ಇರುವ ಅಂತರ ಕಾಣದು. ಬೆಂಗಳೂರಿನ ಕರ್ನಲ್ ವಸಂತ್ ವೇಣುಗೋಪಾಲ್ ಅವರಿಗೆ, 2007ರಲ್ಲಿ ಉರಿಯ ಗಡಿಯಲ್ಲಿ ನುಸುಳುಕೋರರೊಡನೆ ಹೋರಾಡಿ ಮಡಿದದ್ದಕ್ಕಾಗಿ, ಮರಣೋತ್ತರವಾಗಿ ಸಂದದ್ದು ಅಶೋಕ ಚಕ್ರ. ಅದು ಯುದ್ಧರಂಗದ ಹೊರಗಿನ ಶೌರ್ಯಕ್ಕೆ ಇರುವ ಅತ್ಯುನ್ನತ ಪದಕ. ಅದು ಪರಮ ವೀರ ಚಕ್ರಕ್ಕಿಂತ ಕಡಿಮೆ ಧೈರ್ಯಕ್ಕೆ ಕೊಡುವ ಪದಕವಲ್ಲ, ಬೇರೆ ಸನ್ನಿವೇಶಕ್ಕೆ ಕೊಡುವ ಪದಕ. ಈ ಎರಡನ್ನೂ ಕಲಸಿ ಹಾಕಿದ ಭಾಷಣಗಳನ್ನು ನಾನು ಎಷ್ಟೋ ಕೇಳಿದ್ದೇನೆ. ಇನ್ನು ಆತ್ಮತ್ಯಾಗ ಎಂಬ ಮಾತಿನ ಹಿಂದೆ ಅಥವಾ ಎಂಬ ಪದವಿದೆ. ಸತ್ತವರಿಗೆ ಮಾತ್ರ ಈ ಪದಕ ಎಂಬ ಜನಜನಿತ ನಂಬಿಕೆಗೆ ಆ ಒಂದು ಪದವೇ ಉತ್ತರ. 21 ಮಂದಿಯಲ್ಲಿ 14 ಮಂದಿಗೆ ಮರಣೋತ್ತರವಾಗಿ ಬಂದಿದೆ, 7 ಮಂದಿ ಬದುಕಿದ್ದಾಗಲೇ ಧರಿಸಿದ್ದಾರೆ. ಹಾಗೆ ಬದುಕಿ ಪಡೆದವರಲ್ಲಿ ಮೊದಲಿಗರು ನಮ್ಮ ರಾಣೆಯವರು. ಅವರು 1968ರವರೆಗೂ ಸೇನೆಯಲ್ಲಿದ್ದು, ಮೇಜರ್ ಆಗಿ ನಿವೃತ್ತರಾಗಿ, 1994ರಲ್ಲಿ ತೀರಿಕೊಂಡರು. ಮಹಿಳೆಯರೂ ದಾದಿಯರೂ ಈ ಪದಕಕ್ಕೆ ಅರ್ಹರೆಂದು ನಿಯಮವೇ ಹೇಳುತ್ತದೆ, ಆದರೆ ಇದುವರೆಗೆ ಯಾವ ಮಹಿಳೆಗೂ ಬಂದಿಲ್ಲ ಎಂಬುದನ್ನೂ ತರಗತಿಯಲ್ಲಿ ಹೇಳಬೇಕು.

ಪದಕ ನೋಡಲು ಬಹಳ ಸರಳ. ಮೂರೂವರೆ ಸೆಂಟಿಮೀಟರ್ ಅಗಲದ ಕಂಚಿನ ಬಿಲ್ಲೆ; ನಡುವೆ ರಾಷ್ಟ್ರಲಾಂಛನ, ಸುತ್ತ ಇಂದ್ರನ ವಜ್ರಾಯುಧದ ನಾಲ್ಕು ಆಕೃತಿಗಳು, ಮೇಲೆ ನೇರಳೆ ಬಣ್ಣದ ಪಟ್ಟಿ. ಅದನ್ನು ರೂಪಿಸಿದವರು ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ, ಸೇನಾಧಿಕಾರಿ ವಿಕ್ರಮ್ ಖಾನೋಲ್ಕರ್ ಅವರನ್ನು ಮದುವೆಯಾಗಿ, ಸಂಸ್ಕೃತವನ್ನೂ ಪುರಾಣಗಳನ್ನೂ ನಮಗಿಂತ ಹೆಚ್ಚು ಓದಿಕೊಂಡಿದ್ದ ಸಾವಿತ್ರಿ ಖಾನೋಲ್ಕರ್. ಅವರಿಗೆ ಈ ಕೆಲಸ ಒಪ್ಪಿಸಿದವರು ಮೇಜರ್ ಜನರಲ್ ಹೀರಾಲಾಲ್ ಅಟಲ್. ವೃತ್ರನನ್ನು ಕೊಲ್ಲಲು ಆಯುಧ ಬೇಕಾದಾಗ ದಧೀಚಿ ಮುನಿ ತನ್ನ ಬೆನ್ನೆಲುಬನ್ನೇ ಕೊಟ್ಟನೆಂಬ ಕಥೆಯನ್ನು ನಮ್ಮ ಮಕ್ಕಳು ಪಾಠದಲ್ಲಲ್ಲದಿದ್ದರೆ ಯಕ್ಷಗಾನ ತಾಳಮದ್ದಳೆಯಲ್ಲಾದರೂ ಕೇಳಿರುತ್ತಾರೆ. ಪದಕದ ಮೇಲಿನ ವಜ್ರ ಅದೇ. ಮೊದಲ ಪರಮ ವೀರ ಚಕ್ರ ಸಂದದ್ದು, 1947ರ ನವೆಂಬರ್ 3ರಂದು ಬದಗಾಂವ್‌ನಲ್ಲಿ, ಕೈಗೆ ಪ್ಲಾಸ್ಟರ್ ಕಟ್ಟಿದ್ದರೂ ತನ್ನ ತುಕಡಿಯವರ ಬಂದೂಕುಗಳಿಗೆ ಮದ್ದು ತುಂಬಿಕೊಡುತ್ತಾ ಮಡಿದ ಮೇಜರ್ ಸೋಮನಾಥ ಶರ್ಮಾ ಅವರಿಗೆ. ಅವರ ತಮ್ಮ ಸಾವಿತ್ರಿಯವರ ಅಳಿಯ ಎಂಬುದು ಯಾರೂ ಯೋಜಿಸದ ಕಾಕತಾಳೀಯ.

ಬರಹದ ಮಹತ್ವಕ್ಕೆ ಮರಳುತ್ತೇನೆ, ಏಕೆಂದರೆ ನನ್ನ ಕೋರಿಕೆ ನಿಂತಿರುವುದೇ ಅದರ ಮೇಲೆ. ಶೌರ್ಯ ನಡೆದರಷ್ಟೇ ಸಾಲದು, ಅದನ್ನು ಕಂಡವರು ಉಳಿದಿರಬೇಕು, ಕಂಡವರ ಮಾತನ್ನು ನಂಬುವವರು ಇರಬೇಕು, ನಂಬಿದವರು ಬರೆದಿಡಬೇಕು. ಈ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೆ ಏನಾಗುತ್ತದೆಂಬುದಕ್ಕೆ ನಮ್ಮ ಯುದ್ಧಗಳ ಚರಿತ್ರೆಯಲ್ಲೇ ನಿದರ್ಶನಗಳಿವೆ. 1962ರ ನವೆಂಬರ್ 18ರಂದು ಲಡಾಖಿನ ರೆಜಾಂಗ್ ಲಾದಲ್ಲಿ ಮೇಜರ್ ಶೈತಾನ್ ಸಿಂಗ್ ಅವರ ತುಕಡಿಯ ಸುಮಾರು 120 ಮಂದಿಯಲ್ಲಿ 110ಕ್ಕೂ ಹೆಚ್ಚು ಜನ ಮಡಿದರು. ಉಳಿದು ಬಂದ ಬೆರಳೆಣಿಕೆಯ ಜವಾನರು ನಡೆದದ್ದನ್ನು ಹೇಳಿದಾಗ ಸುಲಭವಾಗಿ ನಂಬಿದವರಿಲ್ಲ. ಮುಂದಿನ ಫೆಬ್ರುವರಿಯಲ್ಲಿ ಆ ಎತ್ತರಕ್ಕೆ ಹೋದವರಿಗೆ, ಹಿಮದಲ್ಲಿ ಹೆಪ್ಪುಗಟ್ಟಿದ ದೇಹಗಳು ಬಂದೂಕು ಹಿಡಿದ ಸ್ಥಿತಿಯಲ್ಲೇ ಕಂಡವು. ಬದುಕಿದ್ದವರ ಮಾತಿಗೆ ಸತ್ತವರು ಸಾಕ್ಷಿ ನುಡಿದಂತಾಯಿತು. ಅದೇ ಯುದ್ಧದಲ್ಲಿ ಸಿರಿಜಾಪ್‌ನ ಠಾಣೆಯನ್ನು ಕಾದ ಮೇಜರ್ ಧನ್ ಸಿಂಗ್ ಥಾಪಾ ಸತ್ತರೆಂದೇ ತಿಳಿದು ಪದಕ ಘೋಷಿಸಿದ್ದರು. ಅವರು ಚೀನೀಯರ ಸೆರೆಯಲ್ಲಿ ಬದುಕಿದ್ದಾರೆಂಬುದು ಆಮೇಲೆ ತಿಳಿಯಿತು. ಕಾರ್ಗಿಲ್‌ನಲ್ಲಿ ಟೈಗರ್ ಹಿಲ್ ಏರಿದ, ಹತ್ತೊಂಬತ್ತರ ಹರೆಯದ ಯೋಗೇಂದ್ರ ಸಿಂಗ್ ಯಾದವ್ ಅವರ ವಿಷಯದಲ್ಲಿಯೂ ಮರಣೋತ್ತರವೆಂಬ ತಪ್ಪು ಘೋಷಣೆ ಆಗಿತ್ತು. ಅವರು ಆಸ್ಪತ್ರೆಯಲ್ಲಿ ಚೇತರಿಸಿಕೊಳ್ಳುತ್ತಿದ್ದರು.

ನಮ್ಮ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬಿ. ದೇವಯ್ಯನವರ ಕಥೆ ಇನ್ನೂ ವಿಚಿತ್ರ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೋದ ಮಿಸ್ಟೇರ್ ವಿಮಾನಗಳ ತಂಡದಲ್ಲಿ ಅವರು ಹಿಂತಿರುಗಲಿಲ್ಲ. ಏನಾಯಿತೆಂದು ಕಂಡವರು ನಮ್ಮ ಕಡೆ ಯಾರೂ ಇರಲಿಲ್ಲ. ಹದಿನಾಲ್ಕು ವರ್ಷದ ಬಳಿಕ, 1979ರಲ್ಲಿ, ಬ್ರಿಟಿಷ್ ಲೇಖಕರೊಬ್ಬರು ಪಾಕಿಸ್ತಾನದ ವಾಯುಪಡೆಯ ದೃಷ್ಟಿಯಿಂದ ಆ ಯುದ್ಧವನ್ನು ಬರೆದಾಗ, ಅಂದು ಒಂದು ಮಿಸ್ಟೇರ್ ತನಗಿಂತ ಎಷ್ಟೋ ವೇಗದ ಸ್ಟಾರ್‌ಫೈಟರ್ ವಿಮಾನವನ್ನು ಎದುರಿಸಿ ಕೆಡವಿತ್ತೆಂಬುದು ಹೊರಬಿತ್ತು. ಆ ಮಿಸ್ಟೇರ್ ದೇವಯ್ಯನವರದೇ ಇರಬೇಕೆಂದು ಲೆಕ್ಕ ಹಾಕಿ ಮಹಾ ವೀರ ಚಕ್ರವನ್ನು ಕೊಡುವಾಗ 1988 ಆಗಿತ್ತು. ಇಪ್ಪತ್ತಮೂರು ವರ್ಷ ಆ ಶೌರ್ಯ ಎಲ್ಲಿತ್ತು? ಎದುರಾಳಿಯ ನೆನಪಿನಲ್ಲಿ ಮಾತ್ರ ಇತ್ತು.

ಎದುರಾಳಿಯೇ ಬರೆದಿಟ್ಟದ್ದೂ ಉಂಟು, ಮತ್ತು ಈ ಪದಕಗಳ ಚರಿತ್ರೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಪುಟ ಇದು. 1971ರ ಡಿಸೆಂಬರ್‌ನಲ್ಲಿ ಬಸಂತರ್ ನದಿಯ ಆಚೆ ಜರ್ಪಾಲ್‌ನಲ್ಲಿ ಮೇಜರ್ ಹೋಶಿಯಾರ್ ಸಿಂಗ್ ಅವರಿಗೆ ಪರಮ ವೀರ ಚಕ್ರ ತಂದುಕೊಟ್ಟ ಕಾಳಗದಲ್ಲೇ, ಎದುರು ಪಕ್ಷದ ಪಡೆಯನ್ನು ಮುಂದೆ ನಿಂತು ನಡೆಸಿ ಲೆಫ್ಟಿನೆಂಟ್ ಕರ್ನಲ್ ಮೊಹಮ್ಮದ್ ಅಕ್ರಮ್ ರಾಜಾ ಮಡಿದರು. ಹೋಶಿಯಾರ್ ಸಿಂಗ್ ಅವರ ಪಡೆಯ ಮುಖ್ಯಸ್ಥರಾದ ಲೆಫ್ಟಿನೆಂಟ್ ಕರ್ನಲ್ ವಿ.ಪಿ. ಐರಿಯವರು ಆ ಶತ್ರುವಿನ ಶೌರ್ಯವನ್ನು ಬರಹದಲ್ಲಿ ಪ್ರಶಂಸಿಸಿದರು. ಪಾಕಿಸ್ತಾನ ಅಕ್ರಮ್ ರಾಜಾ ಅವರಿಗೆ ಹಿಲಾಲ್‌-ಎ-ಜುರತ್ ಎಂಬ ಶೌರ್ಯ ಪದಕ ನೀಡಿತು. 1999ರಲ್ಲಿ ಟೈಗರ್ ಹಿಲ್‌ನಲ್ಲಿ ಸತ್ತ ಪಾಕಿಸ್ತಾನದ ಕ್ಯಾಪ್ಟನ್ ಕರ್ನಲ್ ಶೇರ್ ಖಾನ್ (ಇಲ್ಲಿ ಕರ್ನಲ್ ಎಂಬುದು ಹುದ್ದೆಯಲ್ಲ, ಹೆಸರಿನದೇ ಭಾಗ) ಅವರ ದೇಹವನ್ನು ಒಪ್ಪಿಸುವಾಗ, ಈತ ವೀರಾವೇಶದಿಂದ ಹೋರಾಡಿದನೆಂಬ ಚೀಟಿಯನ್ನು ಜೇಬಿನಲ್ಲಿ ಇಡಿಸಿದವರು ನಮ್ಮ ಬ್ರಿಗೇಡಿಯರ್ ಎಂ.ಪಿ.ಎಸ್. ಬಾಜ್ವಾ. ಶೇರ್ ಖಾನ್ ಅವರಿಗೆ ಆ ದೇಶದ ಅತ್ಯುನ್ನತ ಪದಕವಾದ ನಿಶಾನ್‌-ಎ-ಹೈದರ್ ಸಂದಿತು. ಶತ್ರುವನ್ನು ಹೀಯಾಳಿಸಿದರೆ ಅವನೆದುರು ಗೆದ್ದವನ ಪದಕವೂ ಹಗುರಾಗುತ್ತದೆ. ಇದನ್ನು ಈ ಇಬ್ಬರು ಯೋಧರು ನಮ್ಮ ವೇದಿಕೆಗಳ ಭಾಷಣಕಾರರಿಗಿಂತ ಚೆನ್ನಾಗಿ ಬಲ್ಲವರಾಗಿದ್ದರು. ನೂರಾರು ರುಂಡಗಳ ಮಾತಿಗೆ ಅಂಕ ಕೊಟ್ಟ ನಾನೂ ಅವರಿಂದ ಪಾಠ ಕಲಿಯಬೇಕಾಗಿದೆ.

ಮಾನ್ಯರೇ, ಇಂಥ ಬರಹ ಕನ್ನಡಕ್ಕೆ ಹೊಸದಲ್ಲ. ಬಹುಕಾಲ ಕನ್ನಡದ ಮೊದಲ ಶಾಸನವೆಂದು ನಾವೆಲ್ಲ ಓದಿಕೊಂಡು ಬಂದ, ಬೇಲೂರು ತಾಲ್ಲೂಕಿನ ಹಲ್ಮಿಡಿಯ ಕಲ್ಲಿನಲ್ಲಿ ಇರುವುದೇನು? ಸುಮಾರು 450ರ ಆ ಶಾಸನ, ಕೇಕಯ ಪಲ್ಲವರ ಎದುರು ಕಾದಾಡಿ ಗೆದ್ದ ವಿಜ ಅರಸನಿಗೆ ಪಲ್ಮಿಡಿ, ಮೂಳಿವಳ್ಳಿ ಎಂಬ ಎರಡು ಊರುಗಳನ್ನು ಬಾಳ್ಗಳ್ಚಾಗಿ ಕೊಟ್ಟ ಸಂಗತಿಯನ್ನು ಹೇಳುತ್ತದೆ. ಬಾಳ್ ಎಂದರೆ ಕತ್ತಿ, ಕಳ್ಚು ಎಂದರೆ ತೊಳೆಯುವುದು. ವೀರನ ನೆತ್ತರಾದ ಕತ್ತಿಯನ್ನು ತೊಳೆದು ಕೊಡುವ ದತ್ತಿ. ಅಂದರೆ ಕನ್ನಡ ನುಡಿ ಕಲ್ಲಿನ ಮೇಲೆ ಇಷ್ಟು ವಿಸ್ತಾರವಾಗಿ ಮೊದಲು ಕಾಣಿಸಿಕೊಂಡದ್ದೇ ಒಂದು ಶೌರ್ಯದ ಒಕ್ಕಣೆಯಾಗಿ. ಸತ್ತವನ ಮನೆಯವರಿಗೆ ಕೊಡುವ ಭೂಮಿಗೆ ನೆತ್ತರುಗೊಡಗಿ ಎಂಬ ಮಾತು ನಮ್ಮ ಶಾಸನಗಳಲ್ಲಿದೆ. ಬೆಂಗಳೂರು ಎಂಬ ಹೆಸರು ಮೊದಲು ಸಿಗುವುದೂ ಬೇಗೂರಿನ ನಾಗೇಶ್ವರ ದೇವಾಲಯದಲ್ಲಿರುವ, ಸುಮಾರು 890ರ, ಬೆಂಗಳೂರ ಕಾಳಗದಲ್ಲಿ ಸತ್ತವನೊಬ್ಬನ ಕಲ್ಲಿನಲ್ಲಿ. 949-50ರ ಆತಕೂರಿನ ಶಾಸನವಂತೂ ತಕ್ಕೋಲದ ಯುದ್ಧದಲ್ಲಿ ಹೋರಾಡಿದ ಮಣಲೇರನು, ತನ್ನನ್ನು ಮೆಚ್ಚಿದ ಒಡೆಯನಿಂದ ಊರು ಕೇರಿ ಕೇಳದೆ ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದದ್ದನ್ನೂ, ಆ ನಾಯಿ ಹಂದಿಯೊಡನೆ ಸೆಣಸಿ ಎರಡೂ ಸತ್ತದ್ದನ್ನೂ ಯಾವ ಸಂಕೋಚವೂ ಇಲ್ಲದೆ ದಾಖಲಿಸುತ್ತದೆ. ನಾಯಿಯ ಶೌರ್ಯಕ್ಕೂ ಒಕ್ಕಣೆ ಬರೆದ ನುಡಿ ನಮ್ಮದು.

ಸಾಮಾನ್ಯವಾಗಿ ವೀರಗಲ್ಲಿನಲ್ಲಿ ಮೂರು ಪಟ್ಟಿಕೆಗಳಿರುತ್ತವೆ ಎಂಬುದು ತಮಗೆ ತಿಳಿದೇ ಇದೆ. ಕೆಳಗಿನದರಲ್ಲಿ ಕಾಳಗ: ತುರುಗಳನ್ನು ಅಟ್ಟಿಕೊಂಡು ಹೋಗುವವರು, ಬಿಲ್ಲು, ಕತ್ತಿ, ಕುದುರೆ, ಬಿದ್ದವನು. ನಡುವಿನದರಲ್ಲಿ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುತ್ತಾರೆ. ಮೇಲಿನದರಲ್ಲಿ ಅವನು ಶಿವಲಿಂಗದ ಮುಂದೆ ಕುಳಿತಿರುತ್ತಾನೆ. ನಡುವಿನದೂ ಮೇಲಿನದೂ ಹೆಚ್ಚುಕಡಿಮೆ ಎಲ್ಲ ಕಲ್ಲುಗಳಲ್ಲೂ ಒಂದೇ ಬಗೆ. ಅಪ್ಸರೆಯರಿಗೂ ಕೈಲಾಸಕ್ಕೂ ಊರಿನಿಂದ ಊರಿಗೆ ಭೇದವಿಲ್ಲ. ಕಲ್ಲಿನಿಂದ ಕಲ್ಲಿಗೆ ಬೇರೆಯಾಗುವುದು ಕೆಳಗಿನ ಪಟ್ಟಿಕೆ ಮತ್ತು ಅದರ ಬದಿಯ ಬರಹ. ಅದಿಲ್ಲದಿದ್ದರೆ ಯಾವ ಕಲ್ಲು ಯಾರದೆಂದು ಹೇಳಲಾಗದು. ಇಂದು ನಾವು ನಮ್ಮ ಯೋಧರಿಗೆ ಮೇಲಿನ ಎರಡು ಪಟ್ಟಿಕೆಗಳನ್ನು ಮಾತ್ರ ಕೆತ್ತುತ್ತಿದ್ದೇವೆ. ಅಮರರಾದರು, ಸ್ವರ್ಗಸ್ಥರಾದರು, ಭಾರತಾಂಬೆಯ ಮಡಿಲು ಸೇರಿದರು. ಹೀಗೆ ಎಲ್ಲರಿಗೂ ಒಂದೇ ಮಾತು. 26ನೆಯ ಮೈಲಿಗಲ್ಲೂ ಐದು ಪೈನ್ ಮರಗಳೂ ಒಡೆದ ಮೋರಿಯೂ ಇರಬೇಕಾದ ಕೆಳಗಿನ ಪಟ್ಟಿಕೆ ಖಾಲಿಯಾಗಿದೆ.

ಗೌರವ ಸೂಚಿಸುವ ಬೇರೆ ಕೆಲಸಗಳು ನಡೆದಿಲ್ಲವೆಂದು ನಾನು ದೂರುತ್ತಿಲ್ಲ. ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಚಾಪೆಲ್ ಯುದ್ಧನೌಕೆಯ ಸಂಗ್ರಹಾಲಯದ ಬಳಿ 2006ರಲ್ಲಿ ರಾಣೆಯವರ ಪ್ರತಿಮೆ ನಿಂತಿದೆ. ಅದಕ್ಕೂ ಮೊದಲು, 1984ರಲ್ಲಿ, ಭಾರತೀಯ ನೌಕಾಯಾನ ನಿಗಮ ತನ್ನ ತೈಲ ಹಡಗೊಂದಕ್ಕೆ ಅವರ ಹೆಸರಿಟ್ಟಿತ್ತು. ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದ ಪರಮ ಯೋಧ ಸ್ಥಳದಲ್ಲಿ 21 ಮಂದಿಯ ಎದೆಮಟ್ಟದ ಪ್ರತಿಮೆಗಳಿವೆ. 2023ರ ಜನವರಿ 23ರಂದು ಅಂಡಮಾನಿನ 21 ದ್ವೀಪಗಳಿಗೆ ಈ 21 ಹೆಸರುಗಳನ್ನು ಇಡಲಾಯಿತು. ಹಡಗು, ದ್ವೀಪ, ಪ್ರತಿಮೆಗಳಿಗೆಲ್ಲ ಹೆಸರು ಬಂದಾಗಿದೆ. ಆ ಹೆಸರಿನವರು ಏನು ಮಾಡಿದರೆಂಬ ಒಂದು ಪುಟದ ಕನ್ನಡ ಬರಹಕ್ಕೆ ನಾನು ಅಂಗಲಾಚುತ್ತಿದ್ದೇನೆ.

ಅನುವಾದ ಸುಲಭದ್ದಲ್ಲ ಎಂಬ ಅರಿವು ನನಗಿದೆ. ಸೇನೆಯ ಇಂಗ್ಲಿಷ್‌ಗೆ ಅದರದೇ ಬಿಗಿಯಿದೆ; ಗಂಟೆ, ಗಜ, ದಿಕ್ಕು, ತುಕಡಿ ಯಾವುದೂ ಆಚೀಚೆ ಆಗುವಂತಿಲ್ಲ. ಕಂಪನಿ, ಪ್ಲಟೂನ್, ಮಾರ್ಟರ್, ಬಂಕರ್‌ನಂಥ ಮಾತುಗಳನ್ನು ಹಾಗೆಯೇ ಇಟ್ಟುಕೊಳ್ಳುವುದು ಒಳ್ಳೆಯದು. ಕೊಡಗಿನಲ್ಲಾಗಲಿ, ಸೈನಿಕರು ಹೆಚ್ಚಿರುವ ಬೆಳಗಾವಿಯ ಹಳ್ಳಿಗಳಲ್ಲಾಗಲಿ, ಯಾವ ಮನೆಯಲ್ಲಿಯೂ ಇವುಗಳಿಗೆ ಅರ್ಥ ಹೇಳಬೇಕಾಗಿಲ್ಲ. ಇವುಗಳಿಗೆ ಸಂಸ್ಕೃತದಿಂದ ಮೊಳದುದ್ದದ ಪದಗಳನ್ನು ಹೊಸೆದು ತರುವ ಉತ್ಸಾಹವನ್ನು ಸಮಿತಿ ಅದುಮಿಟ್ಟುಕೊಳ್ಳಲಿ. ಮೂಲದಲ್ಲಿ ಎದ್ದುಕಾಣುವ ಶೌರ್ಯ ಎಂದಿದ್ದರೆ ಅಪ್ರತಿಮ, ಅದ್ವಿತೀಯ, ಅನುಪಮ ಎಂದು ಏರಿಸುತ್ತಾ ಹೋಗುವುದು ಬೇಡ. ನಮ್ಮ ಮಾಜಿ ಸೈನಿಕರಲ್ಲಿ ಒಳ್ಳೆಯ ಕನ್ನಡ ಬರೆಯುವವರಿದ್ದಾರೆ. ಅನುವಾದಕರ ಪಕ್ಕದಲ್ಲಿ ಅವರನ್ನು ಕೂರಿಸಿ. ಪ್ರತಿ ಒಕ್ಕಣೆಗೆ ಒಂದು ಸಣ್ಣ ನಕ್ಷೆ ಇರಲಿ: ನೌಶೇರಾ, ರೆಜಾಂಗ್ ಲಾ, ಬಸಂತರ್, ಸಿಯಾಚಿನ್ ಎಲ್ಲಿವೆ ಎಂದು ತಿಳಿಯದೆ ಓದುವುದು ಅರ್ಧ ಓದು. 1961ರಲ್ಲಿ ಕ್ಯಾಪ್ಟನ್ ಗುರುಬಚನ್ ಸಿಂಗ್ ಸಲಾರಿಯಾ ಮಡಿದದ್ದು ವಿಶ್ವಸಂಸ್ಥೆಯ ಪಡೆಯಲ್ಲಿದ್ದಾಗ, ಆಫ್ರಿಕಾದ ಕಾಂಗೋದಲ್ಲಿ. 1987ರಲ್ಲಿ ಮೇಜರ್ ರಾಮಸ್ವಾಮಿ ಪರಮೇಶ್ವರನ್ ಮಡಿದದ್ದು ಶ್ರೀಲಂಕಾದಲ್ಲಿ. ನಕ್ಷೆ ನೋಡಿದ ಮಗು ಅಲ್ಲಿಗೆ ನಮ್ಮವರು ಏಕೆ ಹೋಗಿದ್ದರು ಎಂದು ಕೇಳಿಯೇ ಕೇಳುತ್ತದೆ, ಕೇಳಬೇಕು. ಯುದ್ಧದ ನಿರ್ಧಾರಗಳನ್ನು ಪ್ರಶ್ನಿಸುವುದಕ್ಕೂ ಯೋಧನ ಶೌರ್ಯವನ್ನು ಗೌರವಿಸುವುದಕ್ಕೂ ವಿರೋಧವೇನೂ ಇಲ್ಲ.

ಇದನ್ನು ಪರೀಕ್ಷೆಯ ಪಾಠ ಮಾಡಬೇಡಿರೆಂದು ಶಿಕ್ಷಣ ಸಚಿವರಲ್ಲಿ ವಿಶೇಷವಾಗಿ ಬೇಡುತ್ತೇನೆ. ಬಿಟ್ಟ ಸ್ಥಳ ತುಂಬಿರಿ ಎಂಬಲ್ಲಿಗೆ ಬಂದರೆ ರಾಣೆಯವರೂ ಮುಗಿದಂತೆಯೇ. ಗ್ರಂಥಾಲಯದ ಕಪಾಟಿನಲ್ಲಿ ಒಂದು ತೆಳುವಾದ ಪುಸ್ತಕವಾಗಿ ಇರಲಿ, ಪ್ರಾರ್ಥನೆಯ ಬಳಿಕ ವಾರಕ್ಕೊಂದನ್ನು ಒಬ್ಬ ವಿದ್ಯಾರ್ಥಿ ಗಟ್ಟಿಯಾಗಿ ಓದಲಿ. 21 ವಾರಕ್ಕೆ ಮುಗಿಯುತ್ತದೆ. ಸಂಸ್ಕೃತಿ ಸಚಿವರಲ್ಲಿ ಕೇಳುವುದು ಇನ್ನೊಂದು: ಕಾರವಾರದ ಪ್ರತಿಮೆಯ ಪಕ್ಕದಲ್ಲಿ ರಾಣೆಯವರ ಇಡೀ ಒಕ್ಕಣೆಯನ್ನು, ಸಾರಾಂಶವನ್ನಲ್ಲ, ಕಲ್ಲಿನಲ್ಲಿ ಕನ್ನಡದಲ್ಲಿ ಕೆತ್ತಿಸಿ. ಕಡಲ ಗಾಳಿಯ ಉಪ್ಪಿಗೆ ಲೋಹದ ಫಲಕ ಬಹಳ ವರ್ಷ ಬಾಳುವುದಿಲ್ಲ.

ಮಾದರಿಗೆಂದು ಆ ಒಕ್ಕಣೆಯ ಕೊನೆಯ ಭಾಗವನ್ನು ನಾನೇ ಕನ್ನಡಿಸಿ ಕೆಳಗೆ ಕೊಟ್ಟಿದ್ದೇನೆ. ರಸ್ತೆತಡೆ ಎನ್ನಬೇಕೋ ಅಡ್ಡಗಟ್ಟು ಎನ್ನಬೇಕೋ, ಸರಂಜಾಮಿನ ದಳ ಎಂದರೆ ಸಾಕೋ ಎಂಬುದನ್ನೆಲ್ಲ ಬಲ್ಲವರು ತಿದ್ದಲಿ.

"1948ರ ಏಪ್ರಿಲ್ 10ರಂದು ಬೆಳಗಿನ 4.45ಕ್ಕೆ ಸೆಕೆಂಡ್ ಲೆಫ್ಟಿನೆಂಟ್ ರಾಣೆಯವರು, ಮೆಷಿನ್ ಗನ್ ಗುಂಡುಗಳು ಬರುತ್ತಿದ್ದರೂ, ಟ್ಯಾಂಕುಗಳ ಒಂದು ತುಕಡಿಯ ಬೆಂಬಲದೊಂದಿಗೆ ರಸ್ತೆತಡೆಯ ಕೆಲಸವನ್ನು ಮತ್ತೆ ಆರಂಭಿಸಿದರು. ಕೇವಲ ಮನೋಬಲದಿಂದ 6.30ರ ಹೊತ್ತಿಗೆ ಅದನ್ನು ತೆರವು ಮಾಡಿದರು. ಮುಂದಿನ ಸಾವಿರ ಗಜ ರಸ್ತೆತಡೆಗಳಿಂದಲೂ ಒಡೆದ ಏರಿಗಳಿಂದಲೂ ತುಂಬಿತ್ತು. ಗಾಯಗೊಂಡಿದ್ದರೂ ಜೀವದ ಹಂಗು ತೊರೆದು 10.30ರ ಹೊತ್ತಿಗೆ ಅವರು ದಾರಿ ಬಿಡಿಸಿದರು. ಟ್ಯಾಂಕುಗಳ ದಳ ರಸ್ತೆ ಬಿಟ್ಟು ತವಿ ನದಿಯ ಪಾತ್ರಕ್ಕೆ ಇಳಿಯಿತು. ರಾಣೆಯವರು ಸರಂಜಾಮಿನ ದಳಕ್ಕಾಗಿ ರಸ್ತೆಯನ್ನು ತೆರವು ಮಾಡುತ್ತಲೇ ಇದ್ದರು. ಟ್ಯಾಂಕುಗಳು ಮಧ್ಯಾಹ್ನ 2 ಗಂಟೆಗೆ ಚಿಂಗಸ್ ತಲುಪಿದವು. ರಸ್ತೆ ತೆರೆಯುವುದು ಅತಿ ಮುಖ್ಯವೆಂದು ಅರಿತ ರಾಣೆಯವರು ಊಟ ವಿಶ್ರಾಂತಿಗಳಿಲ್ಲದೆ ರಾತ್ರಿ 9ರವರೆಗೆ ದುಡಿದರು. ಏಪ್ರಿಲ್ 11ರಂದು ಬೆಳಿಗ್ಗೆ 6ಕ್ಕೆ ಮತ್ತೆ ತೊಡಗಿ, 11 ಗಂಟೆಯ ಹೊತ್ತಿಗೆ ಚಿಂಗಸ್‌ವರೆಗಿನ ರಸ್ತೆಯನ್ನು ತೆರೆದರು. ಅಂದು ರಾತ್ರಿ 10 ಗಂಟೆಯವರೆಗೆ ಮುಂದಿನ ರಸ್ತೆಯನ್ನು ತೆರವು ಮಾಡಿದರು."

ರಾಜೌರಿ ಮರುದಿನ, ಏಪ್ರಿಲ್ 12ರಂದು, ನಮ್ಮ ಸೇನೆಯ ಕೈಸೇರಿತು. ಒಕ್ಕಣೆಯಲ್ಲಿ ಅದರ ಪ್ರಸ್ತಾಪವಿಲ್ಲ.

ಇತಿ ತಮ್ಮ ವಿಶ್ವಾಸಿ,
ಉತ್ತರ ಕನ್ನಡದ ಒಬ್ಬ ನಿವೃತ್ತ ಕನ್ನಡ ಶಿಕ್ಷಕ